ಪಾಲಿಪ್ ಎಲ್ಲಿ ಅಡಗಿರುತ್ತದೆ? ಕೊಲೊನೊಸ್ಕೋಪಿಗೆ ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

"ಹೊಟ್ಟೆ ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಆದರೂ ಕೊಲೊನೊಸ್ಕೋಪಿ ಮಾಡಿಸಿ ಅಂತಾರೆ, ಬೇಕಾ?" "ಪಾಲಿಪ್ ಇದೆ ಅಂದ್ರು, ಕ್ಯಾನ್ಸರಾ?" "ರಿಪೋರ್ಟಿನಲ್ಲಿ 25 ಸೆಂ.ಮೀ. ಅಂತ ಬರೆದಿದ್ದಾರೆ, ಎಲ್ಲಿಂದ 25?" ಓದುಗರಿಂದ ಈ ಪ್ರಶ್ನೆಗಳು ಬರುತ್ತಲೇ ಇವೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕೊಲೊನೊಸ್ಕೋಪಿ ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ತೂರಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಪರೀಕ್ಷೆಯ ದಿನ ಗೊತ್ತಾದವರು 4ನೇ ಹಂತವನ್ನು ಎರಡು ಸಲ ಓದಿ.

ಮೊದಲ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡೋಣ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಕರುಳಿನ ಪಾಲಿಪ್ ಕಾಣುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕರುಳಿನೊಳಗಿನ ಗಾಳಿ ಶಬ್ದತರಂಗವನ್ನು ತಡೆಯುತ್ತದೆ. ಲಿವರ್, ಪಿತ್ತಕೋಶ, ಕಿಡ್ನಿ ನೋಡಲು ಅದು ಒಳ್ಳೆಯ ಪರೀಕ್ಷೆ, ಆದರೆ ಕರುಳಿನ ಒಳಗೋಡೆಯ ಮೇಲಿನ ಕಡಲೆಕಾಳಿನಷ್ಟು ಗಂಟನ್ನು ಹುಡುಕಲು ಅಲ್ಲ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಪಾಲಿಪ್' ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಪಿತ್ತಕೋಶದ್ದೋ ಗರ್ಭಕೋಶದ್ದೋ ಆಗಿರುತ್ತದೆ. ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ.

ಪಾಲಿಪ್ ಅಂದರೆ

ಕರುಳಿನ ಒಳಪದರದಿಂದ ಒಳಮುಖವಾಗಿ ಎದ್ದ ಸಣ್ಣ ಬೆಳವಣಿಗೆ. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ತೊಟ್ಟಿಲ್ಲದೆ ಗೋಡೆಗೇ ಕೂತಿರುತ್ತವೆ, ಇನ್ನು ಕೆಲವು ಎದ್ದೂ ಏಳದಂತೆ ಚಪ್ಪಟೆಯಾಗಿ ಹರಡಿರುತ್ತವೆ. ಹೆಚ್ಚಿನವು ನೋಯುವುದಿಲ್ಲ, ರಕ್ತವನ್ನೂ ಬಿಡುವುದಿಲ್ಲ. ಸುಮ್ಮನೆ ಇರುತ್ತವೆ.

ಜಾತಿ ಹಲವು. ಅಡೆನೋಮ ಅನ್ನುವುದು ಕ್ಯಾನ್ಸರ್ ಆಗಬಲ್ಲ ಜಾತಿ, ಆದರೆ ಆಗಲೇಬೇಕೆಂದಿಲ್ಲ, ಬಹುಪಾಲು ಆಗುವುದೂ ಇಲ್ಲ. ಆಗುವುದಾದರೂ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಸೆಸೈಲ್ ಸೆರೇಟೆಡ್ ಅನ್ನುವ ಇನ್ನೊಂದು ಜಾತಿಯೂ ಅದೇ ದಾರಿ ಹಿಡಿಯಬಹುದು. ಹೈಪರ್‌ಪ್ಲಾಸ್ಟಿಕ್ ಅನ್ನುವ ಪುಟ್ಟ, ಬಿಳಿಚಿದ ಪಾಲಿಪ್‌ಗಳು ಕರುಳಿನ ಕೊನೆಯ ಭಾಗದಲ್ಲಿದ್ದರೆ ನಿರುಪದ್ರವಿಗಳು. ಕರುಳಿನ ಉರಿಯೂತದ ಕಾಯಿಲೆ ಇದ್ದವರಲ್ಲಿ ಹುಣ್ಣು ಮಾಗಿದ ಜಾಗದಲ್ಲಿ ಏಳುವ ಗಂಟುಗಳೂ ಪಾಲಿಪ್‌ನಂತೆಯೇ ಕಾಣುತ್ತವೆ. ಹೊರನೋಟಕ್ಕೆ ವೈದ್ಯರು ಅಂದಾಜು ಮಾಡಬಲ್ಲರು. ಖಚಿತವಾಗಿ ಹೇಳುವುದು ಬಯಾಪ್ಸಿ, ಅಂದರೆ ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ.

ಗಾತ್ರ ಮುಖ್ಯ. 5 ಮಿ.ಮೀ. ಒಳಗಿನವು ಅತಿಸಣ್ಣ, 6ರಿಂದ 9 ಸಣ್ಣ, 10 ಮಿ.ಮೀ. ಮತ್ತು ಮೇಲ್ಪಟ್ಟವು ದೊಡ್ಡವು. ಎಲ್ಲ ಲೆಕ್ಕಾಚಾರ ತಿರುಗುವುದು ಈ 10ರ ಗೆರೆಯ ಮೇಲೆ.

1. ಕರುಳಿನ ನಕ್ಷೆ ತಿಳಿದುಕೊಳ್ಳಿ

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಹೊಟ್ಟೆಯ ಬಲಭಾಗದ ಕೆಳಗೆ ಶುರುವಾಗಿ, ಮೇಲೇರಿ, ಅಡ್ಡಹಾದು, ಎಡಕ್ಕೆ ಇಳಿದು ಗುದದ್ವಾರದಲ್ಲಿ ಮುಗಿಯುತ್ತದೆ. ಕೊಲೊನೊಸ್ಕೋಪ್ ಹೋಗುವುದು ಇದಕ್ಕೆ ಎದುರು ದಿಕ್ಕಿನಲ್ಲಿ. ಅದು ಹೋಗುವ ದಾರಿಯಲ್ಲೇ ನೋಡೋಣ. ರಿಪೋರ್ಟಿನಲ್ಲಿ ಇರುವ ಹೆಸರುಗಳನ್ನೇ ಬಳಸುತ್ತೇನೆ.

ಮೊದಲು ರೆಕ್ಟಮ್, ಅಂದರೆ ಗುದನಾಳ, ಸುಮಾರು 12ರಿಂದ 15 ಸೆಂ.ಮೀ. ಆಮೇಲೆ ಸಿಗ್ಮಾಯ್ಡ್ ಅನ್ನುವ ಅಂಕುಡೊಂಕಿನ ಭಾಗ. ಅಲ್ಲಿಂದ ಎಡಪಕ್ಕೆಯಲ್ಲಿ ನೇರ ಮೇಲಕ್ಕೆ ಹೋಗುವುದು ಡಿಸೆಂಡಿಂಗ್ ಕೋಲನ್. ಗುಲ್ಮದ ಹತ್ತಿರದ ತಿರುವು ಸ್ಪ್ಲೀನಿಕ್ ಫ್ಲೆಕ್ಷರ್. ಹೊಟ್ಟೆಗೆ ಅಡ್ಡವಾಗಿ ಟ್ರಾನ್ಸ್‌ವರ್ಸ್ ಕೋಲನ್. ಪರದೆಯ ಮೇಲೆ ಇಲ್ಲಿನ ಕರುಳು ತ್ರಿಕೋನಾಕಾರವಾಗಿ ಕಾಣುವುದರಿಂದ ಗುರುತು ಸುಲಭ. ಲಿವರ್ ಹತ್ತಿರದ ತಿರುವು ಹೆಪಾಟಿಕ್ ಫ್ಲೆಕ್ಷರ್. ಅಲ್ಲಿ ಗೋಡೆಯಾಚೆಗಿನ ಲಿವರ್ ನೀಲಿ ನೆರಳಿನಂತೆ ಹಣಕುತ್ತದೆ. ಬಲಪಕ್ಕೆಯದು ಅಸೆಂಡಿಂಗ್ ಕೋಲನ್. ಕಟ್ಟಕಡೆಯ ಚೀಲದಂಥ ಭಾಗ ಸೀಕಮ್. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕವಾಟ ಮತ್ತು ಅಪೆಂಡಿಕ್ಸಿನ ಬಾಯಿ, ಎರಡೂ ಸಿಗುವುದು ಇಲ್ಲೇ.

ಈಗ 25 ಸೆಂ.ಮೀ. ಪ್ರಶ್ನೆ. ಅದು ಗುದದ್ವಾರದಿಂದ ಅಳೆದದ್ದು. ಕೊಳವೆಯ ಮೇಲೆಯೇ ಅಳತೆಯ ಗುರುತುಗಳಿರುತ್ತವೆ. 25 ಅಂದರೆ ಬಹುಮಟ್ಟಿಗೆ ಸಿಗ್ಮಾಯ್ಡ್. ಕೊಳವೆ ಸುತ್ತಿಕೊಳ್ಳದೆ ನೇರವಾಗಿದ್ದಾಗ 50ರ ಹತ್ತಿರ ಎಡ ತಿರುವು, 60ರ ಹತ್ತಿರ ಬಲ ತಿರುವು, 70ರಿಂದ 80ಕ್ಕೆ ಸೀಕಮ್. ಒಂದೂವರೆ ಮೀಟರಿನ ಕರುಳಿನ ತುದಿ 80 ಸೆಂ.ಮೀ.ಗೇ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಕರುಳು ಕೊಳವೆಯ ಮೇಲೆ ನೆರಿಗೆ ನೆರಿಗೆಯಾಗಿ ಮಡಚಿಕೊಳ್ಳುತ್ತದೆ. ಒಳಗೆ ಹೋಗುವಾಗ ಕೊಳವೆಯೇ ಸುತ್ತಿಕೊಂಡಿರುವುದರಿಂದ ಆಗಿನ ಅಳತೆಯನ್ನು ನಂಬುವಂತಿಲ್ಲ. ಬರಿ ಸೆಂ.ಮೀ. ಬರೆದು ಭಾಗದ ಹೆಸರು ಬರೆಯದ ರಿಪೋರ್ಟ್ ಅರ್ಧ ರಿಪೋರ್ಟ್.

ಪಾಲಿಪ್‌ಗಳು ಈ ದಾರಿಯುದ್ದಕ್ಕೂ ಎಲ್ಲಿ ಬೇಕಾದರೂ ಹುಟ್ಟುತ್ತವೆ. ಆದರೂ ಒಲವುಗಳಿವೆ. ತೊಟ್ಟಿರುವ ಪಾಲಿಪ್‌ಗಳು ಸಿಗ್ಮಾಯ್ಡ್‌ನಲ್ಲಿ ಜಾಸ್ತಿ. ನಿರುಪದ್ರವಿ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳ ಮನೆ ಗುದನಾಳ ಮತ್ತು ಸಿಗ್ಮಾಯ್ಡ್. ಸೆಸೈಲ್ ಸೆರೇಟೆಡ್ ಪಾಲಿಪ್‌ಗಳದ್ದು ಬಲಭಾಗ. ಇವು ಚಪ್ಪಟೆಯಾಗಿ, ಸುತ್ತಲಿನ ಗೋಡೆಯ ಬಣ್ಣದಲ್ಲೇ ಇದ್ದು, ಮೇಲೊಂದು ಹಳದಿ ಲೋಳೆಯ ಪದರ ಹೊದ್ದುಕೊಂಡಿರುತ್ತವೆ. ನೋಡುವವರ ಕಣ್ಣಿಗೆ "ಇಲ್ಲೊಂದಿಷ್ಟು ಮಲ ಉಳಿದಿದೆ" ಅನ್ನಿಸಿ ಮುಂದೆ ಹೋಗಿಬಿಡುವ ಅಪಾಯ ಇರುವುದು ಇಲ್ಲಿಯೇ. ಆ ಲೋಳೆಯನ್ನು ನೀರು ಚಿಮ್ಮಿಸಿ ತೊಳೆದಾಗಷ್ಟೇ ಅಡಿಯಲ್ಲಿ ಮೋಡದಂತೆ ಹರಡಿದ, ಅಂಚು ಸ್ಪಷ್ಟವಿಲ್ಲದ ಪಾಲಿಪ್ ಬಯಲಾಗುತ್ತದೆ.

ಇನ್ನು ಅಡಗುದಾಣಗಳು. ದೊಡ್ಡ ಕರುಳಿನ ಒಳಗೋಡೆ ನಯವಾದ ಪೈಪ್ ಅಲ್ಲ, ಅರ್ಧಚಂದ್ರಾಕಾರದ ಮಡಿಕೆಗಳಿಂದ ತುಂಬಿದೆ. ಕ್ಯಾಮೆರಾ ನೋಡುವುದು ಮುಂದಕ್ಕೆ, ಆದ್ದರಿಂದ ಮಡಿಕೆಯ ಬೆನ್ನಿಗಿರುವುದು ತಪ್ಪಿಸಿಕೊಳ್ಳುತ್ತದೆ. ಎರಡು ತಿರುವುಗಳ ಒಳಮೈ, ಸೀಕಮ್‌ನ ಕವಾಟದ ಹಿಂಬದಿ, ಗುದದ್ವಾರದ ಒಳಗಿನ ಮೊದಲ ಎರಡು ಮೂರು ಸೆಂ.ಮೀ. ಕೂಡ ಹಾಗೆಯೇ. ಒಬ್ಬರಿಗೇ ಬೆನ್ನುಬೆನ್ನಿಗೆ ಎರಡು ಸಲ ಕೊಲೊನೊಸ್ಕೋಪಿ ಮಾಡಿದ ಅಧ್ಯಯನಗಳಲ್ಲಿ ಮೊದಲ ಸುತ್ತಿನಲ್ಲಿ ಸರಿಸುಮಾರು ಐದರಲ್ಲೊಂದು ಪಾಲಿಪ್ ತಪ್ಪಿಹೋಗಿದ್ದು ಕಂಡಿದೆ. ತಪ್ಪಿದವು ಬಹುಪಾಲು ಅತಿಸಣ್ಣವು, 10 ಮಿ.ಮೀ. ದಾಟಿದವು ತಪ್ಪುವುದು ಅಪರೂಪ. ಆದರೂ "ಕೊಲೊನೊಸ್ಕೋಪಿ ಅಂದರೆ ನೂರಕ್ಕೆ ನೂರು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಸಿಗುತ್ತದೆ ಅನ್ನುವುದು ಕರುಳು ಎಷ್ಟು ಶುದ್ಧವಾಗಿತ್ತು, ನೋಡಿದವರು ಎಷ್ಟು ನಿಧಾನವಾಗಿ ನೋಡಿದರು ಅನ್ನುವುದರ ಮೇಲಿದೆ. ಮೊದಲನೆಯದು ನಿಮ್ಮ ಕೈಯಲ್ಲಿದೆ.

2. ನಿಮಗೆ ಬೇಕೇ ಅನ್ನುವುದನ್ನು ತೀರ್ಮಾನಿಸಿಕೊಳ್ಳಿ

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ರೀತಿ, ಕಾರಣವಿಲ್ಲದೆ ಇಳಿದ ತೂಕ, ಐರನ್ ಕೊರತೆಯ ರಕ್ತಹೀನತೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಹತ್ತಿರ ಹೋಗಿ. ಎಡಭಾಗ ಮತ್ತು ಗುದನಾಳದಿಂದ ಬರುವ ರಕ್ತ ಕಣ್ಣಿಗೆ ಕಾಣುತ್ತದೆ. ಬಲಭಾಗದ್ದು ಮಲದಲ್ಲಿ ಬೆರೆತು ಕಾಣದೇ ಹೋಗುತ್ತದೆ. ಕೊನೆಗೆ ಕಾಣುವುದು ಬರಿ ಸುಸ್ತು ಮತ್ತು ಇಳಿದ ಹಿಮೋಗ್ಲೋಬಿನ್. ವಯಸ್ಸಾದ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಐರನ್ ಕೊರತೆ ಬಂದರೆ ಬರಿ ಟಾನಿಕ್ ಕುಡಿದು ಕೂರಬಾರದು.

ದೊಡ್ಡ ಎಡವಟ್ಟು: ರಕ್ತ ಕಂಡ ಕೂಡಲೇ "ಪೈಲ್ಸ್ ಇರಬೇಕು" ಅನ್ನುವುದು. ಬಸ್‌ಸ್ಟ್ಯಾಂಡಿನ ಗೋಡೆ ತುಂಬ ಮೂಲವ್ಯಾಧಿ, ಭಗಂದರದ ಜಾಹೀರಾತು ಇರುವ ನಾಡಿನಲ್ಲಿ ಹಾಗನ್ನಿಸುವುದು ಸಹಜ. ಪೈಲ್ಸ್ ಇದ್ದವರಿಗೂ ಪಾಲಿಪ್ ಇರಬಹುದು, ಒಂದು ಇದ್ದರೆ ಇನ್ನೊಂದು ಇರಬಾರದು ಅನ್ನುವ ನಿಯಮವೇನೂ ಇಲ್ಲ. ಭಾರತದಲ್ಲಿ ಕರುಳಿನ ಕ್ಯಾನ್ಸರಿನಲ್ಲಿ ಗುದನಾಳದ ಪಾಲು ದೊಡ್ಡದು. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಮಾಡುವ ಒಂದು ನಿಮಿಷದ ಪರೀಕ್ಷೆಗೆ ನಾಚಿಕೊಳ್ಳಬೇಡಿ. ಕೆಳಗಿನ ಗಂಟು ಹಲವು ಸಲ ಅಲ್ಲೇ ಸಿಕ್ಕಿಬಿಡುತ್ತದೆ.

ಲಕ್ಷಣವೇ ಇಲ್ಲದವರ ಮಾತು ಬೇರೆ. ಭಾರತದಲ್ಲಿ ಈ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಕಡಿಮೆ, ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್. ಅಮೆರಿಕದಲ್ಲಿರುವ ನಮ್ಮವರಿಗೆ 2021ರಿಂದ 45ಕ್ಕೇ ತಪಾಸಣೆ ಶುರು ಮಾಡಲು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 50ರಿಂದ 74ರವರೆಗಿನವರಿಗೆ ಎರಡು ವರ್ಷಕ್ಕೊಮ್ಮೆ ಮಲಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಬಂದದ್ದನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ. ಆದರೆ ಆ ಕಿಟ್ ಹುಡುಕುವುದು ರಕ್ತವನ್ನು. ಸಣ್ಣ ಪಾಲಿಪ್ ರಕ್ತ ಬಿಡದಿದ್ದರೆ ಅದರಲ್ಲಿ ಸಿಗುವುದಿಲ್ಲ. ಹಾಗಾಗಿಯೇ ಅದನ್ನು ಮತ್ತೆ ಮತ್ತೆ ಮಾಡಿಸುವುದು.

ಹೆತ್ತವರು, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಲಕ್ಷಣಕ್ಕೆ ಕಾಯಬೇಡಿ. ಅವರಿಗೆ 60ರೊಳಗೇ ಬಂದಿದ್ದರೆ ನಿಮಗೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೊಸ್ಕೋಪಿ ಎನ್ನುವುದು ವಾಡಿಕೆಯ ನಿಯಮ. ನೂರಾರು ಪಾಲಿಪ್ ಬರುವ ವಂಶಪಾರಂಪರ್ಯದ ಕಾಯಿಲೆ ಇರುವ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿಗೇ ತಪಾಸಣೆ ಶುರುವಾಗುತ್ತದೆ.

ಚಿಕ್ಕ ಮಕ್ಕಳ ತಾಯಂದಿರಿಗೆ ಒಂದು ಮಾತು. ಎರಡರಿಂದ ಹತ್ತು ವರ್ಷದ ಮಗುವಿಗೆ ನೋವಿಲ್ಲದೆ ಮಲದ ಜೊತೆ ರಕ್ತ ಹೋಗುತ್ತಿದ್ದರೆ ಜುವೆನೈಲ್ ಪಾಲಿಪ್ ಅನ್ನುವುದು ಸಾಮಾನ್ಯ ಕಾರಣಗಳಲ್ಲೊಂದು. ಹೆಚ್ಚಾಗಿ ಒಂದೇ ಒಂದು ಇರುತ್ತದೆ, ಗುದನಾಳದಲ್ಲೋ ಸಿಗ್ಮಾಯ್ಡ್‌ನಲ್ಲೋ. ಒಂಟಿ ಇದ್ದರೆ ಕ್ಯಾನ್ಸರಿನ ಭಯವಿಲ್ಲ. ತೆಗೆಸಿದರೆ ಮುಗಿಯಿತು.

3. ದಿನ ಗೊತ್ತುಮಾಡುವಾಗ ಹೇಳಬೇಕಾದದ್ದು, ಕೇಳಬೇಕಾದದ್ದು

ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಹೆಸರು ನೆನಪಿಸಿಕೊಂಡು ಹೇಳುವುದಕ್ಕಿಂತ ಅದೇ ವಾಸಿ. ಮುಖ್ಯವಾಗಿ ನಾಲ್ಕು.

ರಕ್ತ ತೆಳುವಾಗಿಸುವ ಮಾತ್ರೆಗಳು: ವಾರ್ಫರಿನ್, ಕ್ಲೋಪಿಡೋಗ್ರೆಲ್, ಅಪಿಕ್ಸಾಬಾನ್ ಮುಂತಾದವು. ಪಾಲಿಪ್ ತೆಗೆದರೆ ರಕ್ತಸ್ರಾವದ ಅಪಾಯವಿರುವುದರಿಂದ ಕೆಲವನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಆದರೆ ನೀವೇ ನಿಲ್ಲಿಸಬಾರದು, ಅದರಲ್ಲೂ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಹೃದ್ರೋಗ ವೈದ್ಯರಿಂದ ಬರೆಸಿಕೊಂಡೇ ಮುಂದುವರಿಯಿರಿ. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ನಿಲ್ಲಿಸಲು ಹೇಳುವುದಿಲ್ಲ.

ಸಕ್ಕರೆ ಕಾಯಿಲೆಯ ಔಷಧಿ: ಊಟವಿಲ್ಲದ ದಿನ ಎಂದಿನ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಲು ಹೇಳುವುದುಂಟು. ತೂಕ ಇಳಿಸುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು. ಅದು ಜಠರವನ್ನು ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ.

ಐರನ್ ಮಾತ್ರೆ: ಐದರಿಂದ ಏಳು ದಿನ ಮೊದಲೇ ನಿಲ್ಲಿಸಿ. ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡಿ ಕರುಳಿನ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಕಿಡ್ನಿ ತೊಂದರೆ ಅಥವಾ ಹೃದಯದ ದೌರ್ಬಲ್ಯ: ಕರುಳು ತೊಳೆಯಲು ಕುಡಿಸುವ ಭೇದಿಯ ಔಷಧಿ ಯಾವುದು ಅನ್ನುವುದು ಇದರ ಮೇಲೆ ನಿಂತಿದೆ. ಸೋಡಿಯಂ ಫಾಸ್ಫೇಟ್ ಇರುವ ದ್ರಾವಣ ಕಿಡ್ನಿ ಹದಗೆಟ್ಟವರಿಗೆ ಅಪಾಯಕಾರಿ. ಔಷಧಿ ಅಂಗಡಿಯಲ್ಲಿ "ಅದಿಲ್ಲ, ಇದು ತಗೊಳ್ಳಿ, ಎರಡೂ ಒಂದೇ" ಅಂದರೆ ತಗೊಳ್ಳಬೇಡಿ.

ನೀವು ಕೇಳಬೇಕಾದದ್ದೂ ಇದೆ. ಮಾಡುತ್ತಿರುವುದು ಪೂರ್ತಿ ಕೊಲೊನೊಸ್ಕೋಪಿಯೋ ಸಿಗ್ಮಾಯ್ಡೋಸ್ಕೋಪಿಯೋ? ಎರಡನೆಯದು ನೋಡುವುದು ಎಡಭಾಗವನ್ನಷ್ಟೇ. ಹೆಸರುಗಳು ಹೋಲುವುದರಿಂದ ಎಷ್ಟೋ ಜನ "ನನಗೆ ಆಗಲೇ ಮಾಡಿದ್ದಾರೆ" ಅಂತ ತಪ್ಪು ತಿಳಿದಿರುತ್ತಾರೆ. ಪಾಲಿಪ್ ಸಿಕ್ಕರೆ ಅದೇ ಸಲ ತೆಗೆಯುತ್ತಾರೋ, ಅದಕ್ಕೆ ಬೇರೆ ಬಿಲ್ ಎಷ್ಟು ಅಂತಲೂ ಮೊದಲೇ ಕೇಳಿ. ಮಂಪರಿನಲ್ಲಿರುವಾಗ ಹೊರಗಿರುವ ಮಗನನ್ನು ಕರೆದು ಸಹಿ ಹಾಕಿಸುವ ಗಡಿಬಿಡಿ ತಪ್ಪುತ್ತದೆ. ಸಿ.ಟಿ. ಕೊಲೊನೊಗ್ರಫಿ, ಅಂದರೆ ಸಿ.ಟಿ. ಸ್ಕ್ಯಾನಿನಲ್ಲಿ ಕರುಳಿನ ಚಿತ್ರ ತೆಗೆಯುವ ಪರೀಕ್ಷೆ, ಮಾಡಿಸಬಹುದಲ್ಲ ಅಂತ ಕೇಳುವವರಿಗೆ: ಮಾಡಿಸಬಹುದು. ಆದರೆ ಅದಕ್ಕೂ ಕರುಳು ತೊಳೆಯಬೇಕು, ಚಪ್ಪಟೆ ಪಾಲಿಪ್ ಅದರಲ್ಲಿ ಸುಲಭವಾಗಿ ತಪ್ಪುತ್ತದೆ, ಸಿಕ್ಕರೂ ತೆಗೆಯಲು ಕೊಲೊನೊಸ್ಕೋಪಿಯೇ ಬೇಕು.

4. ಕರುಳು ತೊಳೆಯುವುದು

ಇಡೀ ಪರೀಕ್ಷೆಯಲ್ಲಿ ಕಷ್ಟದ ಭಾಗ ಇದೇ. ಪರೀಕ್ಷೆಯ ಫಲ ನಿಂತಿರುವುದೂ ಇದರ ಮೇಲೆ.

ಎರಡು ಮೂರು ದಿನ ಮೊದಲಿನಿಂದ ನಾರು, ಬೀಜ, ಸಿಪ್ಪೆ ಬಿಡಿ. ಆಸ್ಪತ್ರೆಯ ಚೀಟಿಯಲ್ಲಿ 'ಕಡಿಮೆ ನಾರಿನ ಆಹಾರ' ಅಂತ ಬರೆದಿರುತ್ತಾರೆ, ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅದೇನು ಅಂತ ಹೇಳುವುದಿಲ್ಲ. ಮುದ್ದೆ, ಜೋಳದ ರೊಟ್ಟಿ, ಚಪಾತಿ ಬೇಡ. ಬಸ್ಸಾರು, ಸೊಪ್ಪಿನ ಪಲ್ಯ, ಮೊಳಕೆಕಾಳು, ಹುರುಳಿ, ಕೋಸಂಬರಿ, ನುಗ್ಗೆಕಾಯಿ ಬೇಡ. ಸೀಬೆ, ದಾಳಿಂಬೆ, ಟೊಮ್ಯಾಟೊ, ಬದನೆ, ಸೌತೆ ಬೇಡ, ಬೀಜವೇ ಶತ್ರು. ಉತ್ತರ ಕರ್ನಾಟಕದವರು ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿಗಳನ್ನು ಕಣ್ಣಿಗೆ ಕಾಣದ ಕಡೆ ಇಟ್ಟುಬಿಡಿ. ಎಲ್ಲರೂ ಮರೆಯುವುದು ಒಗ್ಗರಣೆಯನ್ನು! ಮೊಸರನ್ನ ತಿನ್ನಿ ಅಂದರೆ ಸಾಸಿವೆ, ಕರಿಬೇವು, ಕೊತ್ತಂಬರಿ ಹಾಕಿಯೇ ತಿನ್ನುತ್ತಾರೆ. ಸಾಸಿವೆಕಾಳು ಹೊಟ್ಟೆಯಲ್ಲಿ ಕರಗದೆ ಹಾಗೇ ಕರುಳಿಗೆ ಬಂದು, ಕೊಳವೆಯ ಹೀರುವ ಕಿಂಡಿಯಲ್ಲಿ ಸಿಕ್ಕಿಕೊಂಡು ಕೂರುತ್ತದೆ.

ಹಾಗಾದರೆ ಏನು ತಿನ್ನುವುದು? ಬಿಳಿ ಅನ್ನ, ಒಗ್ಗರಣೆಯಿಲ್ಲದ ಮೊಸರನ್ನ, ಇಡ್ಲಿ, ರವೆ ಗಂಜಿ, ಬಿಳಿ ಬ್ರೆಡ್, ಸೋಸಿದ ತಿಳಿಸಾರು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ತಿನ್ನುವವರಿಗೆ ಮೊಟ್ಟೆ, ಮೀನು. ಹಿಂದಿನ ದಿನ ಆಸ್ಪತ್ರೆ ಹೇಳಿದ ಹೊತ್ತಿನಿಂದ ಬರಿ ತಿಳಿದ್ರವ: ನೀರು, ಎಳನೀರು, ಸೋಸಿದ ನಿಂಬೆ ಶರಬತ್ತು, ಹಾಲಿಲ್ಲದ ಕಾಫಿ ಅಥವಾ ಟೀ, ಗಂಜಿಯ ತಿಳಿ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ. ಒಳಗೆ ರಕ್ತದಂತೆ ಕಾಣುತ್ತದೆ. ಕಿಡ್ನಿ ಕಾಯಿಲೆಯವರು ಎಳನೀರಿಗೆ ಮುಂಚೆ ಕೇಳಿ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ.

ಔಷಧಿ ಹೆಚ್ಚಿನ ಕಡೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದನ್ನು ಎರಡು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯಬೇಕು. ಮೈ ಅದನ್ನು ಹೀರಿಕೊಳ್ಳುವುದಿಲ್ಲ, ನೀರನ್ನು ಕರುಳಿನಲ್ಲೇ ಹಿಡಿದಿಟ್ಟು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಉಪ್ಪುಪ್ಪಾದ, ವಾಕರಿಕೆ ತರುವ ರುಚಿ. ತಣ್ಣಗೆ ಮಾಡಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ, ಸ್ಟ್ರಾ ಹಾಕಿ ಕುಡಿದರೆ ನಾಲಿಗೆಗೆ ಹೆಚ್ಚು ತಾಗುವುದಿಲ್ಲ. ಪ್ರತಿ ಲೋಟದ ನಂತರ ನಿಂಬೆಹಣ್ಣಿನ ಹೋಳನ್ನು ಚೀಪಿ. ದ್ರಾವಣಕ್ಕೇ ಸಕ್ಕರೆ, ಬೆಲ್ಲ ಬೆರೆಸಬೇಡಿ. ವಾಂತಿಯಾದರೆ ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮುಂದುವರಿಸಿ. ಹೊಟ್ಟೆ ಉಬ್ಬಿ, ತೀವ್ರ ನೋವಿದ್ದು, ಭೇದಿಯೇ ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಈಗ ಮುಖ್ಯ ಮಾತು. ಅರ್ಧ ಔಷಧಿ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು. ಪರೀಕ್ಷೆಗೆ ಎರಡು ಗಂಟೆ ಇರುವಾಗ ನೀರೂ ಸೇರಿದಂತೆ ಎಲ್ಲ ನಿಲ್ಲಬೇಕು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು ಯಾರಿಗೆ ಬೇಕು ಅಂತ ಜನ ರಾತ್ರಿಯೇ ಎಲ್ಲ ಕುಡಿದು ಮಲಗಿಬಿಡುತ್ತಾರೆ. ರಾತ್ರಿಯಿಡೀ ಸಣ್ಣ ಕರುಳಿನಿಂದ ಇಳಿದ ರಸ ಬೆಳಿಗ್ಗೆ ಹೊತ್ತಿಗೆ ಬಲಭಾಗದ ಗೋಡೆಗೆ ಹಸಿರು-ಹಳದಿ ಪದರವಾಗಿ ಮೆತ್ತಿರುತ್ತದೆ. ಚಪ್ಪಟೆ ಪಾಲಿಪ್‌ಗಳ ಮನೆಯೂ ಬಲಭಾಗವೇ ಅನ್ನುವುದನ್ನು ನೆನಪಿಸಿಕೊಳ್ಳಿ. ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ಎರಡು ಕಂತಿನ ಮಾತು ಇಲ್ಲದಿದ್ದರೆ "ಬೆಳಿಗ್ಗೆ ಅರ್ಧ ಕುಡಿಯಬಹುದಾ?" ಅಂತ ನೀವೇ ಕೇಳಿ.

ಸಾಕಾಯಿತು ಅಂತ ಗೊತ್ತಾಗುವುದು ಹೇಗೆ? ಹೊರಗೆ ಬರುವುದು ತಿಳಿಹಳದಿ ನೀರಾಗಿ, ಕಮೋಡಿನ ತಳ ಕಾಣುವಂತಿರಬೇಕು. ಕಂದು ಬಣ್ಣ ಅಥವಾ ಚೂರುಗಳು ಬರುತ್ತಿದ್ದರೆ ಮುಚ್ಚಿಡದೆ ಆಸ್ಪತ್ರೆಗೆ ಹೋದ ಕೂಡಲೇ ನರ್ಸ್‌ಗೆ ಹೇಳಿ. ಇನ್ನಷ್ಟು ಔಷಧಿ ಕೊಡಬಹುದು, ಪರೀಕ್ಷೆಯ ಹೊತ್ತು ಮುಂದಕ್ಕೆ ಹಾಕಬಹುದು. ಸದಾ ಮಲಬದ್ಧತೆ ಇರುವವರು ಇದನ್ನು ಮೊದಲೇ ತಿಳಿಸಿರಬೇಕು, ಅವರಿಗೆ ಸಾಮಾನ್ಯ ಪ್ರಮಾಣ ಸಾಲದು. ವಯಸ್ಸಾದವರನ್ನು ರಾತ್ರಿ ಒಬ್ಬರನ್ನೇ ಬಿಡಬೇಡಿ. ಪದೇ ಪದೇ ಎದ್ದು ಓಡುವಾಗ ತಲೆಸುತ್ತಿ ಬೀಳುತ್ತಾರೆ. ಬಚ್ಚಲ ದಾರಿಯಲ್ಲಿ ದೀಪ ಹಾಕಿಡಿ.

5. ಪರೀಕ್ಷೆಯ ಕೋಣೆಯಲ್ಲಿ

ಜೊತೆಗೊಬ್ಬರು ಬೇಕೇ ಬೇಕು. ಹಿಂಬದಿ ಸೀಳಿರುವ ಪೈಜಾಮ ಕೊಡುತ್ತಾರೆ. ಎಡಮಗ್ಗುಲಾಗಿ, ಮಂಡಿ ಮಡಚಿ ಮಲಗಿಸುತ್ತಾರೆ. ಕೈಗೆ ಸೂಜಿ ಹಾಕಿ ಮಂಪರಿನ ಔಷಧಿ ಕೊಡುತ್ತಾರೆ. ಕೆಲವು ಕಡೆ ಮಿಡಜೋಲಾಮ್‌ನಂಥ ಹಗುರ ಮಂಪರು, ಕೆಲವು ಕಡೆ ಅರಿವಳಿಕೆ ವೈದ್ಯರೇ ಇದ್ದು ಪ್ರೊಪೊಫಾಲ್. ಕೊಳವೆಯ ದಪ್ಪ ಸುಮಾರು 13 ಮಿ.ಮೀ., ತುದಿಯಲ್ಲಿ ದೀಪ, ಕ್ಯಾಮೆರಾ, ನೀರು ಚಿಮ್ಮುವ ರಂಧ್ರ, ಹೀರುವ ಮತ್ತು ಸಲಕರಣೆ ತೂರಿಸುವ ಕಿಂಡಿ. ಎಲ್ಲ ಸೇರಿ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ನಿಮಿಷ.

ಹುಡುಕಾಟ ನಡೆಯುವುದು ಒಳಗೆ ಹೋಗುವಾಗ ಅಲ್ಲ, ಹೊರಗೆ ಬರುವಾಗ. ಮೊದಲು ಸೀಕಮ್‌ವರೆಗೆ ಹೋಗಿ ಅಪೆಂಡಿಕ್ಸಿನ ಬಾಯಿ ಮತ್ತು ಕವಾಟದ ಫೋಟೊ ತೆಗೆದುಕೊಂಡು, ಆಮೇಲೆ ಇಂಚಿಂಚೇ ಹಿಂದೆ ಎಳೆಯುತ್ತಾ ಪ್ರತಿ ಮಡಿಕೆಯನ್ನೂ ಬಗ್ಗಿಸಿ ಬೆನ್ನು ನೋಡುತ್ತಾರೆ. ಏನೂ ತೆಗೆಯುವುದಿಲ್ಲದಿದ್ದರೂ ಈ ವಾಪಸಾತಿಗೆ ಕನಿಷ್ಠ ಆರು ನಿಮಿಷ ಬೇಕು ಅನ್ನುವುದು ಹಳೆಯ ಮಾನದಂಡ. ಅಮೆರಿಕದ ಕರುಳು ತಜ್ಞರ ಸಂಘಗಳು 2024ರಲ್ಲಿ ಅದನ್ನು ಎಂಟಕ್ಕೆ ಏರಿಸಿವೆ. ಒಳ್ಳೆಯ ಕೈಗಳು ಬಲಭಾಗವನ್ನು ಎರಡು ಸಲ ನೋಡುತ್ತವೆ, ನಿಮ್ಮನ್ನು ಮಗ್ಗುಲು ಬದಲಿಸಿ ಮಲಗಿಸುತ್ತವೆ, ಕೊನೆಗೆ ಗುದನಾಳದೊಳಗೆ ಕ್ಯಾಮೆರಾವನ್ನು ಹಿಂತಿರುಗಿಸಿ ಗುದದ್ವಾರದ ಒಳಅಂಚನ್ನು ನೋಡುತ್ತವೆ. ಅನುಮಾನ ಬಂದರೆ ಎನ್‌.ಬಿ.ಐ. ಅನ್ನುವ ನೀಲಿ-ಹಸಿರು ಬೆಳಕಿಗೆ ಬದಲಿಸುತ್ತಾರೆ. ಆಗ ಪಾಲಿಪ್‌ನ ಮೇಲ್ಮೈಯ ರಕ್ತನಾಳಗಳ ಜಾಲ ಎದ್ದು ಕಂಡು ಅದು ಯಾವ ಜಾತಿ ಅಂತ ಅಂದಾಜು ಸಿಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಕಂಪ್ಯೂಟರ್ ಕೂಡ ಪರದೆಯ ಮೇಲೆ ಚೌಕ ಎಳೆದು "ಇಲ್ಲಿ ನೋಡಿ" ಅನ್ನುತ್ತದೆ. ಚೆನ್ನಾಗಿಯೇ ಇದೆ. ಆದರೆ ಮಡಿಕೆ ಬಗ್ಗಿಸದೆ, ಮಲ ತೊಳೆಯದೆ ಕ್ಯಾಮೆರಾಗೇ ಕಾಣದ್ದನ್ನು ಯಾವ ಕಂಪ್ಯೂಟರೂ ತೋರಿಸುವುದಿಲ್ಲ.

6. ಸಿಕ್ಕರೆ ತೆಗೆಯುವುದು

1969ರಲ್ಲಿ ನ್ಯೂಯಾರ್ಕಿನಲ್ಲಿ ಶಿನ್ಯಾ ಮತ್ತು ವೂಲ್ಫ್ ಎಂಬ ವೈದ್ಯರು ಕೊಲೊನೊಸ್ಕೋಪಿನ ಮೂಲಕವೇ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆಯುವವರೆಗೆ ಗುದದ್ವಾರದಿಂದ ದೂರವಿರುವ ಪಾಲಿಪ್‌ಗೆ ಹೊಟ್ಟೆ ಕೊಯ್ಯಬೇಕಿತ್ತು. ಹೀಗೆ ಅಡೆನೋಮ ತೆಗೆಸಿಕೊಂಡವರಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಬಹಳ ಕಡಿಮೆಯಾಯಿತು ಎಂದು 1993ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ ತೋರಿಸಿತು.

10 ಮಿ.ಮೀ. ಒಳಗಿನದಕ್ಕೆ ಈಗ ಕರೆಂಟ್ ಬಳಸದ ಕುಣಿಕೆ ಸಾಕು. ಕುಣಿಕೆಯನ್ನು ಪಾಲಿಪ್‌ನ ಸುತ್ತ ಒಂದೆರಡು ಮಿ.ಮೀ. ಒಳ್ಳೆಯ ಅಂಚನ್ನೂ ಸೇರಿಸಿ ಹಾಕಿ ಬಿಗಿಯುತ್ತಾರೆ, ಕಚಕ್ಕನೆ ತುಂಡಾಗುತ್ತದೆ. ಒಂದಿಷ್ಟು ರಕ್ತ ಜಿನುಗಿ ತಾನೇ ನಿಲ್ಲುತ್ತದೆ. ತುಂಡನ್ನು ಕೊಳವೆಯೊಳಗಿಂದಲೇ ಹೀರಿ ಜಾಲರಿಯ ಡಬ್ಬಿಯಲ್ಲಿ ಹಿಡಿಯುತ್ತಾರೆ. ದೊಡ್ಡ ಚಪ್ಪಟೆ ಪಾಲಿಪ್ ಆದರೆ ಅಡಿಗೆ ದ್ರವ ಚುಚ್ಚಿ ಮೇಲೆಬ್ಬಿಸಿ ಕತ್ತರಿಸುತ್ತಾರೆ. ಒಳಪದರದಲ್ಲಿ ನೋವಿನ ನರವಿಲ್ಲದ್ದರಿಂದ ಕತ್ತರಿಸುವುದು ನೋಯುವುದಿಲ್ಲ. ನೋವಾಗುವುದಿದ್ದರೆ ಗಾಳಿ ತುಂಬಿ ಕರುಳು ಹಿಗ್ಗಿದಾಗ. ತುಂಬ ದೊಡ್ಡದು ಕಂಡರೆ ಅವತ್ತು ಮುಟ್ಟದೆ, ಇನ್ನೊಂದು ದಿನ ಅದರಲ್ಲೇ ನುರಿತವರ ಹತ್ತಿರ ಕಳಿಸುವುದು ಬುದ್ಧಿವಂತಿಕೆ. ಅಂಥ ವೈದ್ಯರನ್ನು "ಗೊತ್ತಿಲ್ಲದವರು" ಅನ್ನಬೇಡಿ.

ನಮ್ಮಲ್ಲಿ ಹಲವು ಕಡೆ ತುಂಡಿರುವ ಫಾರ್ಮಲಿನ್ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ತೆಗೆದುಕೊಳ್ಳುವ ಮೊದಲು ಬಾಟಲಿಯ ಮೇಲೆ ನಿಮ್ಮ ಹೆಸರು ಮತ್ತು ಕರುಳಿನ ಯಾವ ಭಾಗ ಅನ್ನುವುದು ಇದೆಯೇ ನೋಡಿ. ಬೇರೆ ಬೇರೆ ಭಾಗದ್ದು ಬೇರೆ ಬೇರೆ ಬಾಟಲಿಯಲ್ಲಿರಬೇಕು. ಅವತ್ತೇ ಮುಟ್ಟಿಸಿ, ರಸೀದಿ ಇಟ್ಟುಕೊಳ್ಳಿ.

7. ಮನೆಗೆ ಬಂದ ಮೇಲೆ

24 ಗಂಟೆ ಗಾಡಿ ಓಡಿಸಬೇಡಿ, ಕಾಗದಪತ್ರಕ್ಕೆ ಸಹಿ ಹಾಕಬೇಡಿ. ಹೊಟ್ಟೆ ಉಬ್ಬರ ಗಾಳಿ ಹೋದಂತೆ ಇಳಿಯುತ್ತದೆ. ತಡೆದುಕೊಳ್ಳಬೇಡಿ. ಹಗುರ ಊಟ ಮಾಡಿ. ಪಾಲಿಪ್ ತೆಗೆಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆ ಮತ್ತೆ ಯಾವಾಗಿನಿಂದ ಅನ್ನುವುದನ್ನು ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ.

ಕರುಳಿಗೆ ತೂತು ಬೀಳುವುದು ಅಪರೂಪ, ಆದರೆ ಬಿದ್ದರೆ ತುರ್ತು. ಬಿಡದ ಹೊಟ್ಟೆನೋವು, ಕಲ್ಲಿನಂತೆ ಬಿಗಿದ ಹೊಟ್ಟೆ, ಜ್ವರ, ಬಟ್ಟಲುಗಟ್ಟಲೆ ರಕ್ತ ಅಥವಾ ಹೆಪ್ಪು ಕಂಡರೆ ಬೆಳಗಾಗಲಿ ಅಂತ ಕಾಯದೆ ಹೊರಡಿ. ರಕ್ತಸ್ರಾವ ಎರಡು ವಾರದವರೆಗೂ ಶುರುವಾಗಬಹುದು. ಹಾಗಾಗಿ ದೊಡ್ಡ ಪಾಲಿಪ್ ತೆಗೆಸಿಕೊಂಡವರು ಅಷ್ಟು ದಿನ ಚಾರಣ, ಯಾತ್ರೆ ಅಂತ ಆಸ್ಪತ್ರೆ ಸಿಗದ ಕಡೆಗೆ ಹೋಗದಿರುವುದು ಮೇಲು.

8. ರಿಪೋರ್ಟ್ ಓದುವುದು

ಕೊಲೊನೊಸ್ಕೋಪಿ ರಿಪೋರ್ಟಿನಲ್ಲಿ "ನಾರ್ಮಲ್" ಪದಕ್ಕಿಂತ ಮೊದಲು ಎರಡು ಸಾಲು ಹುಡುಕಿ. ಒಂದು, ಕೊಳವೆ ಎಲ್ಲಿಯವರೆಗೆ ಹೋಯಿತು. ಸೀಕಮ್ ಅಥವಾ ಟರ್ಮಿನಲ್ ಇಲಿಯಮ್, ಅಂದರೆ ಸಣ್ಣ ಕರುಳಿನ ತುದಿ ಅಂತ ಇರಬೇಕು, ಅದರ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಎರಡು, ಕರುಳು ಎಷ್ಟು ಶುದ್ಧವಿತ್ತು. ಕೆಲವರು ಬಾಸ್ಟನ್ ಅಂಕ ಬರೆಯುತ್ತಾರೆ: ಬಲ, ನಡು, ಎಡ ಮೂರಕ್ಕೂ ತಲಾ 0ಯಿಂದ 3, ಒಟ್ಟು 9. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದಿರಬೇಕು. "ಪೂರ್" ಅಂತ ಬರೆದಿದ್ದರೆ ಆ ನಾರ್ಮಲ್‌ಗೆ ಬೆಲೆಯಿಲ್ಲ, ಮತ್ತೆ ಯಾವಾಗ ಮಾಡಿಸಬೇಕು ಅಂತ ಕೇಳಿ.

ಒಂದೆರಡು ವಾರದಲ್ಲಿ ಬರುವ ಬಯಾಪ್ಸಿ ರಿಪೋರ್ಟನ್ನು ತರಲು ಎಷ್ಟೋ ಜನ ಹೋಗುವುದೇ ಇಲ್ಲ. "ಪಾಲಿಪ್ ತೆಗೆದರಲ್ಲ, ಮುಗೀತು." ಮುಂದಿನದೆಲ್ಲ ನಿರ್ಧಾರವಾಗುವುದು ಆ ಹಾಳೆಯ ಮೇಲೆ. ಅದರಲ್ಲಿ 'ಟ್ಯುಬ್ಯುಲರ್ ಅಡೆನೋಮ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ' ಅಂತ ಇದ್ದರೆ ಕಂಗಾಲಾಗಬೇಡಿ. ಡಿಸ್‌ಪ್ಲೇಸಿಯಾ ಅಂದರೆ ಜೀವಕೋಶಗಳ ರೂಪ ಕೆಟ್ಟಿರುವುದು. ಅಡೆನೋಮ ಅಂದ ಮೇಲೆ ಲೋ ಗ್ರೇಡ್ ಇದ್ದೇ ಇರುತ್ತದೆ, ಅದು ಕ್ಯಾನ್ಸರ್ ಅಲ್ಲ. 'ಹೈ ಗ್ರೇಡ್' ಅಥವಾ 'ವಿಲ್ಲಸ್' (ಬೆರಳಿನಂಥ ಎಳೆಗಳಾಗಿ ಬೆಳೆದದ್ದು) ಅನ್ನುವ ಪದ ಇದ್ದರೆ ಮುಂದಿನ ತಪಾಸಣೆ ಬೇಗ. 'ಕಾರ್ಸಿನೋಮ', ಅಂದರೆ ಕ್ಯಾನ್ಸರ್, ಅಂತಿದ್ದರೆ ಅಂಚು ಶುದ್ಧವಾಗಿ ಬಂದಿದೆಯೇ, ಎಷ್ಟು ಆಳ ಇಳಿದಿದೆ ಅನ್ನುವ ಪ್ರಶ್ನೆಯೊಂದಿಗೆ ಅದೇ ವಾರ ವೈದ್ಯರನ್ನು ಕಾಣಿ.

9. ಮತ್ತೆ ಯಾವಾಗ

ಅಮೆರಿಕದ ಸಂಘಗಳ 2020ರ ಶಿಫಾರಸನ್ನೇ ನಮ್ಮಲ್ಲೂ ಹಲವರು ಅನುಸರಿಸುತ್ತಾರೆ. ಕರುಳು ಶುದ್ಧವಿದ್ದು ಏನೂ ಸಿಗದಿದ್ದರೆ 10 ವರ್ಷ. 10 ಮಿ.ಮೀ. ಒಳಗಿನ ಒಂದೋ ಎರಡೋ ಟ್ಯುಬ್ಯುಲರ್ ಅಡೆನೋಮ ಇದ್ದರೆ 7ರಿಂದ 10 ವರ್ಷ. ಮೂರು ನಾಲ್ಕು ಇದ್ದರೆ 3ರಿಂದ 5. ಐದರಿಂದ ಹತ್ತು ಇದ್ದರೆ, ಅಥವಾ ಒಂದೇ ಇದ್ದರೂ 10 ಮಿ.ಮೀ. ಮುಟ್ಟಿದ್ದರೆ, ವಿಲ್ಲಸ್ ಅಥವಾ ಹೈ ಗ್ರೇಡ್ ಇದ್ದರೆ 3 ವರ್ಷ. ಹತ್ತಕ್ಕಿಂತ ಹೆಚ್ಚು ಸಿಕ್ಕರೆ 1 ವರ್ಷ. 20 ಮಿ.ಮೀ. ಅಥವಾ ಅದಕ್ಕೂ ದೊಡ್ಡದನ್ನು ತುಂಡು ತುಂಡಾಗಿ ತೆಗೆದಿದ್ದರೆ ಆರು ತಿಂಗಳಿಗೆ ಆ ಜಾಗವನ್ನು ಮತ್ತೆ ನೋಡಬೇಕು.

ಇಲ್ಲಿ ಎರಡು ಅತಿರೇಕಗಳಿವೆ. ಪುಟ್ಟ ಹೈಪರ್‌ಪ್ಲಾಸ್ಟಿಕ್ ಪಾಲಿಪ್ ಸಿಕ್ಕಿದ್ದಕ್ಕೆ ಹೆದರಿ ವರ್ಷ ವರ್ಷ ಕೊಳವೆ ಹಾಕಿಸಿಕೊಳ್ಳುವವರು ಒಂದು ಕಡೆ, ಆರು ತಿಂಗಳಿಗೆ ಬನ್ನಿ ಅಂದರೆ ಆರು ವರ್ಷಕ್ಕೂ ಹೋಗದವರು ಇನ್ನೊಂದು ಕಡೆ. ಹಳೆಯ ರಿಪೋರ್ಟ್, ಫೋಟೊ, ಬಯಾಪ್ಸಿ ಹಾಳೆ ಮೂರನ್ನೂ ಮೊಬೈಲಿನಲ್ಲಿ ತೆಗೆದಿಟ್ಟು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಆಸ್ಪತ್ರೆ ಬದಲಾದಾಗ ಹೊಸ ವೈದ್ಯರು ಮೊದಲು ಕೇಳುವುದು ಅವನ್ನೇ. ದೊಡ್ಡ ಅಡೆನೋಮ ಸಿಕ್ಕಿದ್ದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಹೇಳಿ, ಅವರ ತಪಾಸಣೆಯ ವಯಸ್ಸೂ ಅದರಿಂದ ಬದಲಾಗುತ್ತದೆ. ಈ ವರ್ಷಗಳ ಲೆಕ್ಕವೆಲ್ಲ ಲಕ್ಷಣ ಇಲ್ಲದವರಿಗೆ. ನಡುವೆ ರಕ್ತ ಕಂಡರೆ, ಹಿಮೋಗ್ಲೋಬಿನ್ ಇಳಿದರೆ, "ನನಗಿನ್ನೂ ನಾಲ್ಕು ವರ್ಷ ಟೈಮಿದೆ" ಅಂತ ಕೂರದೆ ಆಗಲೇ ಹೋಗಿ ತೋರಿಸಿ.